ದೋಷ ಸಂದೇಶವನ್ನು ಮೊದಲು ಓದಿ



ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದು, ಅದರಲ್ಲಿ ತಂದೆಯ ಲೆಕ್ಕಪತ್ರ, ತಂಗಿಯ ಪಾಠಗಳಿದ್ದರೂ ನೀವು ಲಿನಕ್ಸ್ ಕಲಿಯಬಹುದು. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು ವಿಂಡೋಸ್ ಅಳಿಸದೆಯೇ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸಿಕೊಡುತ್ತದೆ.

ಅದು ಶುರುವಾಗದಿದ್ದರೆ ಗಾಬರಿಯಿಂದ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ; ಪರದೆಯ ಮೇಲಿನ ಸಂದೇಶವನ್ನು ಓದಿ. ‘ವಿಟಿ-ಎಕ್ಸ್ ಈಸ್ ಡಿಸೇಬಲ್ಡ್’ ಎಂದಿದ್ದರೆ, ಕಂಪ್ಯೂಟರ್ ಆನ್ ಆಗುವಾಗ ಬಯಾಸ್‌ಗೆ ಹೋಗಿ ವರ್ಚುಯಲೈಸೇಶನ್ ಆಯ್ಕೆಯನ್ನು ಚಾಲೂ ಮಾಡಿ. ಎಎಂಡಿ ಪ್ರೊಸೆಸರ್ ಇದ್ದಲ್ಲಿ ಅದರ ಹೆಸರು ಹೆಚ್ಚಾಗಿ ಎಸ್‌ವಿಎಂ. ‘ನೋ ಬೂಟಬಲ್ ಮೀಡಿಯಂ ಫೌಂಡ್’ ಎಂದಿದ್ದರೆ, ಸ್ಟೋರೇಜ್ ವಿಭಾಗದಲ್ಲಿ ಲಿನಕ್ಸಿನ ಐಎಸ್‌ಒ ಕಡತ ಸೇರಿದೆಯೇ ನೋಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಚಾಲೂ ಮಾಡಿ. ಆಗ ದೋಷ ಎಲ್ಲಿತ್ತೆಂಬುದು ನಿಮಗೇ ತಿಳಿಯುತ್ತದೆ. ಹೀಗೆ ಕಾರಣ ಹುಡುಕುವುದನ್ನು ಕಲಿತವರಿಗೆ ಮುಂದಿನ ದೋಷ ಹೆದರಿಸುವುದಿಲ್ಲ.