ನಮ್ಮ ಶಾಲೆ ಶುರುವಾದ ವರ್ಷದ ಪುಸ್ತಕ, ನಾಟಕ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್‌ನವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂದುಕೊಂಡಿದ್ದರೆ ಕ್ಷಮಿಸಿ. ನಮ್ಮ ಶಾಲೆ 1974ರ ಜೂನ್‌ನಲ್ಲಿ ಶುರುವಾದಾಗ ನಾಡಿಗೆ ಕರ್ನಾಟಕ ಎಂಬ ಹೆಸರು ಬಂದು ವರ್ಷವೂ ತುಂಬಿರಲಿಲ್ಲ. ಆ ವರ್ಷ ಹೊರಗಿನ ಲೋಕದಲ್ಲಿ ಯಾವ ಪುಸ್ತಕ, ಯಾವ ನಾಟಕದ ಸುದ್ದಿ ಇತ್ತು ಎಂದು ಹುಡುಕಿ ಓದಿದೆ. ಅದನ್ನೇ ಹೇಳುತ್ತೇನೆ.

ರಷ್ಯಾದ ಸೋಲ್ಜೆನಿತ್ಸಿನ್ ಒಂದು ಕಾಲಕ್ಕೆ ಹೈಸ್ಕೂಲು ಮೇಷ್ಟ್ರು. ಗಣಿತ, ಭೌತಶಾಸ್ತ್ರ ಹೇಳಿಕೊಟ್ಟವರು. ಅದಕ್ಕೂ ಮೊದಲು, ಗೆಳೆಯನಿಗೆ ಬರೆದ ಪತ್ರದಲ್ಲಿ ಸ್ಟಾಲಿನ್‌ನನ್ನು ಟೀಕಿಸಿದ್ದಕ್ಕೆ 8 ವರ್ಷ ಸೆರೆಯಲ್ಲಿದ್ದರು. ಶ್ರಮಶಿಬಿರದಲ್ಲಿ ಬರೆದದ್ದನ್ನು ಇಟ್ಟುಕೊಂಡರೆ ಅಪಾಯ. ಸಾವಿರಾರು ಸಾಲುಗಳನ್ನು ಬಾಯಿಪಾಠ ಮಾಡಿಯೇ ಉಳಿಸಿಕೊಂಡರು. (ನಮ್ಮಿಂದ ಮಗ್ಗಿ ಹೇಳಿಸಿದ ಗುರುಗಳಿಗೆ ಇದು ಇಷ್ಟವಾದೀತು.) ಆ ಶಿಬಿರಗಳ ಕಥೆ ಹೇಳುವ ಅವರ 'ಗುಲಾಗ್ ಆರ್ಕಿಪೆಲಾಗೊ' 1973ರ ಡಿಸೆಂಬರ್ ಕೊನೆಗೆ ಪ್ಯಾರಿಸ್‌ನಲ್ಲಿ ಅಚ್ಚಾಯಿತು. 1974ರ ಫೆಬ್ರವರಿ 12ಕ್ಕೆ ಅವರ ಬಂಧನ. ಮರುದಿನ ಪೌರತ್ವ ಕಿತ್ತುಕೊಂಡು, ವಿಮಾನ ಹತ್ತಿಸಿ ಪಶ್ಚಿಮ ಜರ್ಮನಿಗೆ ಅಟ್ಟಿದರು. ಅಲ್ಲಿ ಮನೆಯ ಬಾಗಿಲು ತೆರೆದವರು ಇನ್ನೊಬ್ಬ ಲೇಖಕ, ಹೈನ್ರಿಕ್ ಬೋಲ್.

ಆ ಪುಸ್ತಕವನ್ನು ಟೈಪ್ ಮಾಡಿಕೊಟ್ಟವರಲ್ಲಿ ಒಬ್ಬ ಹೆಂಗಸು ಪೊಲೀಸ್ ವಿಚಾರಣೆಯ ನಂತರ 1973ರಲ್ಲೇ ತೀರಿಕೊಂಡಿದ್ದರು. ಟೈಪಿಸ್ಟುಗಳ ಹೆಸರನ್ನು ಯಾರೂ ಹೇಳುವುದಿಲ್ಲ. ನಾನು ಹೇಳಿಬಿಡುತ್ತೇನೆ: ಎಲಿಜವೆಟಾ ವೊರೊನ್ಯಾನ್ಸ್ಕಯಾ.

ಸೋಲ್ಜೆನಿತ್ಸಿನ್‌ಗೆ 1970ರಲ್ಲೇ ನೊಬೆಲ್ ಬಂದಿತ್ತು. ಹೋದರೆ ವಾಪಸು ಬಿಟ್ಟುಕೊಳ್ಳುವುದಿಲ್ಲ ಎಂಬ ಭಯಕ್ಕೆ ಹೋಗಿರಲಿಲ್ಲ. 1974ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ ಪಡೆದರು. ಆ ವರ್ಷದ ಸಾಹಿತ್ಯದ ನೊಬೆಲ್ ಸ್ವೀಡನ್ನಿನ ಐವಿಂಡ್ ಯೋನ್ಸನ್, ಹ್ಯಾರಿ ಮಾರ್ಟಿನ್ಸನ್ ಅವರಿಗೆ. ಇಬ್ಬರೂ ಬಹುಮಾನ ಕೊಡುವ ಅಕಾಡೆಮಿಯ ಸದಸ್ಯರೇ! ಬೈಗುಳ ಬಂತು, ಬರಬೇಕಾದ್ದೇ. ಆದರೆ ಅವರು ಬಂದ ದಾರಿ ನೋಡಿ. ತಂದೆ ಸತ್ತು, ತಾಯಿ ಅಮೆರಿಕಕ್ಕೆ ಹೋದ ಮೇಲೆ ಮಾರ್ಟಿನ್ಸನ್ ಕಂಡವರ ಮನೆಯಲ್ಲಿ ಬೆಳೆದು ಹಡಗಿನ ಕೂಲಿಯಾದವರು. ಯೋನ್ಸನ್ ಹುಡುಗನಾಗಿದ್ದಾಗಲೇ ಮನೆ ಬಿಟ್ಟು, ಹೊಳೆಯಲ್ಲಿ ದಿಮ್ಮಿ ಸಾಗಿಸಿ, ಇಟ್ಟಿಗೆ ಕಾರ್ಖಾನೆಯಲ್ಲಿ ದುಡಿದವರು. ನಮ್ಮ ಬೆಂಚುಗಳಲ್ಲೂ ಇಂಥ ಮಕ್ಕಳು ಕೂತಿದ್ದರು, ಈಗಲೂ ಕೂತಿದ್ದಾರೆ.

ಇನ್ನು ನಾಟಕ. ಆ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಎರಡು ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದವು: 'ಸಿಜ್ವೆ ಬಾನ್ಜಿ ಈಸ್ ಡೆಡ್' ಮತ್ತು 'ದಿ ಐಲ್ಯಾಂಡ್'. ಬಿಳಿಯ ನಾಟಕಕಾರ ಅಥಾಲ್ ಫುಗಾರ್ಡ್, ಕಪ್ಪು ನಟರಾದ ಜಾನ್ ಕಾನಿ, ವಿನ್‌ಸ್ಟನ್ ಎನ್‌ಟ್ಶೋನಾ ಸೇರಿ ಕಟ್ಟಿದವು. ಮರುವರ್ಷ ಶ್ರೇಷ್ಠ ನಟ ಟೋನಿ ಪ್ರಶಸ್ತಿ ಆ ಇಬ್ಬರು ನಟರಿಗೂ ಸೇರಿ ಬಂತು.

'ಐಲ್ಯಾಂಡ್'ನಲ್ಲಿ ದ್ವೀಪದ ಜೈಲಿನ ಇಬ್ಬರು ಕೈದಿಗಳು ಗ್ರೀಕರ 'ಆಂಟಿಗೊನೆ' ಆಡುತ್ತಾರೆ. ನನ್ನನ್ನು ಹಿಡಿದದ್ದು ಮೊದಲನೆಯದು. ಕೆಲಸ ಹುಡುಕಿ ಪಟ್ಟಣಕ್ಕೆ ಬಂದವನ ಪಾಸ್‌ಬುಕ್‌ನಲ್ಲಿ, ಅಂದರೆ ಕಪ್ಪು ಜನ ಸದಾ ಜೇಬಿನಲ್ಲಿಡಬೇಕಾದ ಗುರುತಿನ ಪುಸ್ತಕದಲ್ಲಿ, ಅಲ್ಲಿರಲು ಅನುಮತಿಯ ಠಸ್ಸೆ ಇಲ್ಲ. ರಾತ್ರಿ ಬೀದಿಯಲ್ಲಿ ಸತ್ತುಬಿದ್ದವನೊಬ್ಬನ ಪುಸ್ತಕ ಸಿಗುತ್ತದೆ. ಅದರ ಫೋಟೊ ಬದಲಿಸಿದರೆ ಕೆಲಸ ಉಂಟು, ಹೆಂಡತಿ ಮಕ್ಕಳಿಗೆ ಊಟ ಉಂಟು. ಆದರೆ ತನ್ನ ಹೆಸರು ಅಲ್ಲಿಗೆ ಸತ್ತಂತೆ. ಜನರ ಹೆಸರು, ಗುರುತಿನ ಸಂಖ್ಯೆಗಳನ್ನು ಡೇಟಾಬೇಸಿನಲ್ಲಿ ಜೋಡಿಸುವುದೇ ನನ್ನ ಹೊಟ್ಟೆಪಾಡು. ಇದನ್ನು ಓದಿದ ಮರುದಿನ ಆಫೀಸಿನಲ್ಲಿ ಕೈ ಓಡಲಿಲ್ಲ.

ಇದಕ್ಕೆ ದೊಡ್ಡ ಸೆಟ್ ಬೇಡ. ಇಬ್ಬರು ನಟರು, ಒಂದು ಮೇಜು, ಕುರ್ಚಿ, ಕ್ಯಾಮೆರಾ ಇದ್ದರಾಯಿತು. ಮುಂದಿನ ವಾರ್ಷಿಕೋತ್ಸವಕ್ಕೆ ಇದೇ ವೇದಿಕೆಯಲ್ಲಿ ಹತ್ತನೇ ಕ್ಲಾಸಿನವರು ಆಡುವುದಾದರೆ, ಕನ್ನಡಕ್ಕೆ ತರಲು ಕನ್ನಡ ಮೇಷ್ಟ್ರ ಜೊತೆ ನಾನೂ ಕೂರುತ್ತೇನೆ. ಭಾನುವಾರ ಬಿಡುವಿದೆ, ಸಾರ್.