ಹಾಲ್‌ಗೆ ಬಂದ ಹಂಡೆ



ಈಚೆಗೆ ಗೃಹಪ್ರವೇಶಕ್ಕೆ ಹೋದ ಕಡೆಯೆಲ್ಲ ಬಾಗಿಲ ಪಕ್ಕದಲ್ಲಿ ಹಿತ್ತಾಳೆಯ ಹಳೇ ಹಂಡೆಯೊಂದು ಕಾಣಿಸುತ್ತದೆ. ನೀರು ಕಾಯಿಸಲು ಅಲ್ಲ, ಛತ್ರಿ ಇಡಲು. ಕೊಳಗದ ಮೇಲೆ ಗಾಜು ಕೂರಿಸಿದರೆ ಟೀಪಾಯಿ; ಉರುಳಿಗೆ ನೀರು ತುಂಬಿಸಿ ಸೇವಂತಿಗೆ ತೇಲಿಬಿಟ್ಟರೆ ಹಬ್ಬದ ಕಳೆ. ಇನ್ನಷ್ಟು ಅನುಕೂಲವಿದ್ದವರು ತೂಗುಮಂಚವನ್ನೇ ತರಿಸುತ್ತಾರೆ. ಅದರ ಹಿತ್ತಾಳೆ ಸರಪಳಿಯ ಕೊಂಡಿಗಳ ನಡುವೆ ಆನೆ, ಗಿಳಿ, ನವಿಲು. ಬಿಳಿ ಗೋಡೆಯ ಮುಂದೆ ಆ ಹಳದಿ ಬಣ್ಣ ನಿಜಕ್ಕೂ ಚೆಂದ.

ಹಂಡೆಯ ಹತ್ತಿರ ಹೋಗಿ ಕಂಠದ ಸುತ್ತ ಒಮ್ಮೆ ಕಣ್ಣಾಡಿಸಿ. ಚುಕ್ಕಿಚುಕ್ಕಿಯಾಗಿ ಹೊಡೆದ ಅಕ್ಷರಗಳಿರಬಹುದು: ಒಂದು ಹೆಸರು, ಒಂದು ಊರು, ಮದುವೆಯ ತಾರೀಖು. ಯಾರೋ ತಮ್ಮ ಮಗಳಿಗೆ ಕೊಟ್ಟು ಕಳಿಸಿದ ಪಾತ್ರೆ ಅದು. ಕೊನೆಗೆ ತಕ್ಕಡಿಗೆ ಬಂದು, ಕಿಲೋ ಲೆಕ್ಕದಲ್ಲಿ ಮಾರಿಹೋಗಿದೆ. ಕೆಲವರು ಆ ಹೆಸರನ್ನು ಉಜ್ಜಿ ತೆಗೆಸುತ್ತಾರೆ. ನನಗೇನೋ ಅದು ಇರಲಿ ಅನ್ನಿಸುತ್ತದೆ.

‘ಇಂಥ ಪಾತ್ರೆಗಳನ್ನು ಯಾಕಾದರೂ ಮಾರಿದರೋ’ ಎಂದು ನಿಟ್ಟುಸಿರು ಬಿಡುವವರೂ ಇದ್ದಾರೆ. ಮಾರಿದ ಅಜ್ಜಿಯಂದಿರನ್ನು ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಹಿತ್ತಾಳೆಯೆಂದರೆ ತಾಮ್ರಕ್ಕೆ ಸತು ಬೆರೆಸಿದ ಲೋಹ. ಗಾಳಿ, ನೀರು, ಬೆವರು ಸೋಕಿದರೆ ಕಪ್ಪಾಗುತ್ತದೆ, ತೇವ ನಿಂತರೆ ಹಸಿರು ಕಿಲುಬು ಕಟ್ಟುತ್ತದೆ. ಹುಣಸೆಹಣ್ಣಿನ ಹುಳಿ ಆ ಪದರವನ್ನು ಕರಗಿಸುತ್ತದೆ. ಹಾಗಾಗಿ ಬಚ್ಚಲ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ತಿಕ್ಕಬೇಕು. ನಾಳೆ ಮತ್ತೆ ತಿಕ್ಕಬೇಕು. ಅಡುಗೆಯ ಪಾತ್ರೆಯಾದರೆ ಒಳಗೆ ಕಲಾಯಿ ಬೇರೆ ಆಗಬೇಕು. ಇಲ್ಲವಾದರೆ ಸಾರು ಕಿಲುಬು ವಾಸನೆ ಹೊಡೆಯುತ್ತದೆ. ಕಲಾಯಿಯವನು ಬೀದಿಗೆ ಬಂದು, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, 232 ಡಿಗ್ರಿಯಲ್ಲೇ ಕರಗುವ ತವರವನ್ನು ಹತ್ತಿಯಿಂದ ಸರ್ರನೆ ಒರೆಸುವುದು ಮಕ್ಕಳಿಗೆ ತಮಾಷೆ. ಅವನು ಬರುವ ತನಕ ಕಾಯುವುದು ಅಡುಗೆಮನೆಯ ಫಜೀತಿ. ಇಂಥ ಹೊತ್ತಿಗೆ ಸ್ಟೀಲ್ ಬಂತು. ಒಂದು ಹಂಡೆ ಕೊಟ್ಟು ಸ್ಟೀಲ್ ಡಬ್ಬಿಗಳನ್ನು ತಂದುಕೊಂಡವರು ದಡ್ಡರಲ್ಲ. ತಮ್ಮ ಬೆನ್ನನ್ನು, ಬೆರಳನ್ನು ಅವರು ಬಿಡಿಸಿಕೊಂಡರು.

ಹಾಗೆಂದು ಈ ಪಾತ್ರೆಗಳ ಹಿಂದಿನ ಕೈಕೆಲಸ ಸಣ್ಣದೇನಲ್ಲ. ಪಂಜಾಬಿನ ಜಂಡಿಯಾಲಾ ಗುರು ಎಂಬ ಊರಿನ ಠಠೇರಾ ಕುಶಲಕರ್ಮಿಗಳು ತಾಮ್ರ-ಹಿತ್ತಾಳೆ ಪಾತ್ರೆಗಳನ್ನು ಸುತ್ತಿಗೆಯಿಂದ ಬಡಿದು ರೂಪಿಸುವ ವಿದ್ಯೆಯನ್ನು 2014ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಕೊನೆಯ ಹೊಳಪು ಕೊಡುವುದೂ ಮರಳು ಮತ್ತು ಹುಣಸೆ ರಸದಿಂದಲೇ. ಮೈಮೇಲೆ ಸಣ್ಣಸಣ್ಣ ಸುತ್ತಿಗೆ ಗುರುತುಗಳಿರುವ ಪಾತ್ರೆ ಸಿಕ್ಕರೆ ಅದನ್ನು ಸೊಟ್ಟಗಿದೆ ಎಂದು ಬಿಡಬೇಡಿ.

ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಗಟ್ಟಿಯಾಗಿ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿನದು ಲೇಪ. ಈಗಿನ ಅಲಂಕಾರದ ಸಾಮಾನುಗಳಿಗೆ ಕಪ್ಪಾಗದಂತೆ ವಾರ್ನಿಷ್ ಬಳಿದಿರುವುದೂ ಉಂಟು. ಅಂಥದ್ದಕ್ಕೆ ಹುಣಸೆಹಣ್ಣು ತಾಗಿಸದೆ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿಂದಿಗೆಯಲ್ಲಿ ಗಿಡ ಇಡುವವರು ಮಣ್ಣನ್ನು ನೇರವಾಗಿ ತುಂಬದೆ ಒಳಗೊಂದು ಪ್ಲಾಸ್ಟಿಕ್ ಕುಂಡ ಇಳಿಸಿ.

ಫಳಫಳ ಹೊಳೆಯಲೇಬೇಕೆಂಬ ಹಟವೂ ಬೇಡ. ಕಂದುಗಟ್ಟಿದ ಹಿತ್ತಾಳೆಗೆ ಅದರದೇ ಗಾಂಭೀರ್ಯವಿದೆ. ಕಿಲುಬು ಮಾತ್ರ ಕೂಡದು. ಹೊಳಪೇ ಬೇಕೆನ್ನುವ ಯಜಮಾನರು ಅದನ್ನು ಕೆಲಸದಾಕೆಯ ಪಟ್ಟಿಗೆ ಸದ್ದಿಲ್ಲದೆ ಸೇರಿಸುವುದನ್ನು ನೋಡಿದ್ದೇನೆ. ಭಾನುವಾರ ಹುಣಸೆಹಣ್ಣು ನೆನೆಹಾಕಿ ತಿಕ್ಕಲು ಕೂರುವವರು ಯಾರು ಎಂಬುದನ್ನು ಹಂಡೆ ಮನೆಗೆ ತರುವ ಮುಂಚೆಯೇ ಮಾತಾಡಿಕೊಳ್ಳುವುದು ಒಳ್ಳೆಯದು.