ಬಿಸಿಲನ್ನು ಕೂಡಿಸುವ ಬೋಗುಣಿ



ಸೂರ್ಯನ ಶಾಖವು ಧಾರಾಳವಾಗಿ ದೊರೆಯುವುದಾದರೂ ಹರಡಿ ಬೀಳುವುದರಿಂದ ಅದರಲ್ಲಿ ಅನ್ನ ಬೇಯದು. ಹರಡಿದುದನ್ನು ಒಂದೆಡೆ ಕೂಡಿಸಿದರೆ ಅದರ ಪ್ರತಾಪವೇ ಬೇರೆ. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಮೂಶೋ ಎಂಬ ಫ್ರೆಂಚ್ ಉಪಾಧ್ಯಾಯನು ದೊಡ್ಡ ದರ್ಪಣವೊಂದರಿಂದ ಬಿಸಿಲನ್ನು ಕೂಡಿಸಿ, ಆ ಶಾಖದಿಂದ ಮಂಜುಗಡ್ಡೆಯನ್ನೇ ಮಾಡಿ ತೋರಿಸಿದನು. ಗೃಹಸ್ಥರಾದ ನಮಗೆ ನೀರು ಕುದಿದರೆ ಸಾಕು.

ಇದಕ್ಕೆ ತಕ್ಕ ಆಕಾರವು ಪರವಲಯ. ಅದರ ಅಕ್ಷಕ್ಕೆ ಸಮಾನಾಂತರವಾಗಿ ಬಂದ ಕಿರಣಗಳೆಲ್ಲವೂ ನಾಭಿಯೆಂಬ ಒಂದೇ ಬಿಂದುವನ್ನು ಸೇರುವುವು. ಬೋಗುಣಿಯ ಅಡ್ಡಳತೆ 120 ಸೆಂಟಿಮೀಟರ್, ಆಳ 15 ಎಂದಿಟ್ಟುಕೊಳ್ಳೋಣ. ಅಡ್ಡಳತೆಯ ವರ್ಗವನ್ನು ಆಳದ 16ರಷ್ಟರಿಂದ ಭಾಗಿಸಿದರೆ ನಾಭಿಯ ದೂರ ದೊರೆಯುತ್ತದೆ. ಇಲ್ಲಿ ಅದು 60. ನಡುವಿನಿಂದ 30 ಸೆಂಟಿಮೀಟರ್ ಆಚೆ ಏರು 3¾; 60ರಲ್ಲಿ 15. ಈ ಲೆಕ್ಕದಂತೆ ಹಲಗೆಯಿಂದ 12 ಪಕ್ಕೆಗಳನ್ನು ಕತ್ತರಿಸಿ, ಚಕ್ರದ ಅರಗಳಂತೆ ಜೋಡಿಸಿ, ಮೇಲೆ ರಟ್ಟನ್ನು ಹೊದಿಸಿ, 5 ಸೆಂಟಿಮೀಟರ್ ಚೌಕದ ಕನ್ನಡಿತುಂಡುಗಳನ್ನು ಅಂಟಿಸತಕ್ಕದ್ದು. ತುಂಡುಗಳು ಚಪ್ಪಟೆಯಾದುದರಿಂದ ನಾಭಿಯಲ್ಲಿ ಬೆಳಕು ಬಿಂದುವಾಗದೆ ಅಂಗೈಯಗಲವಾಗುವುದು. ಅಡುಗೆಗೆ ಇದು ದೋಷವಲ್ಲ. ಪಾತ್ರೆಯ ತಳ ಒಂದೇ ಕಡೆ ಸೀಯುವುದಿಲ್ಲ.

ಇನ್ನು ನಿಲ್ಲಿಸುವ ಬಗೆ. ಸೂರ್ಯನು ಗಂಟೆಗೆ 15 ಅಂಶ ಸರಿಯುವನಾದುದರಿಂದ ಬೋಗುಣಿ ಅವನನ್ನು ಹಿಂಬಾಲಿಸಬೇಕು; ಪಾತ್ರೆ ಮಾತ್ರ ಕದಲಬಾರದು. ಆದ್ದರಿಂದ ಎರಡು ಕಂಬಗಳ ನಡುವೆ ಕಬ್ಬಿಣದ ಸಲಾಕಿಯೊಂದನ್ನು ನಾಭಿಯ ಮೂಲಕವೇ ಹಾಯಿಸಿ, ಕಪ್ಪು ಬಳಿದ ಪಾತ್ರೆಯನ್ನು ಅದಕ್ಕೆ ತೂಗುಹಾಕಿ, ಬೋಗುಣಿಯು ಅದೇ ಸಲಾಕಿಯ ಸುತ್ತ ತೊಟ್ಟಿಲಿನಂತೆ ತೂಗುವಂತೆ ಮಾಡಬೇಕು. ಸಲಾಕಿಯಿಂದ ಬೋಗುಣಿಯ ಅಂಚಿಗೆ 75 ಸೆಂಟಿಮೀಟರ್ ದೂರವಿರುವುದರಿಂದ ಅದು ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿರಲಿ. ವಾಲಿದ ಬೋಗುಣಿಯ ಭಾರಕ್ಕೆ ಎದುರುಭಾಗದಲ್ಲಿ ಕಲ್ಲೊಂದನ್ನು ಕಟ್ಟಬೇಕು. ಕಂಬಗಳ ಪೀಠವು ನಡುಗೂಟದ ಮೇಲೆ ತಿರುಗುವಂತಿರಲಿ. ಅಂಚಿಗೆ ಅಕ್ಷದ ದಿಕ್ಕಿನಲ್ಲಿ ಒಂದು ಮೊಳೆಯನ್ನು ನಿಲ್ಲಿಸಿದರೆ, ಅದರ ನೆರಳು ಅಡಗಿದಾಗ ಗುರಿ ಸರಿಯಾಯಿತೆಂದು ತಿಳಿಯಬಹುದು.

ನಿರ್ಮಲವಾದ ಮಧ್ಯಾಹ್ನದಲ್ಲಿ ಚದರ ಮೀಟರಿಗೆ ಸುಮಾರು 900 ವಾಟ್ ನೇರ ಬಿಸಿಲು ಬೀಳುತ್ತದೆ. ಅದರಲ್ಲಿ ಅರ್ಧ ಮಾತ್ರ ನೀರನ್ನು ಸೇರಿದರೂ ಒಂದು ಲೀಟರ್ ನೀರು ಹತ್ತು ಹನ್ನೊಂದು ನಿಮಿಷಗಳಲ್ಲಿ ಕುದಿಯುವುದು. ಸೌದೆಯಿಲ್ಲ, ಹೊಗೆಯಿಲ್ಲ.

ಆದರೆ ಬೆಂಕಿಯ ಭಯ ಇಲ್ಲವೆಂದು ಭಾವಿಸಕೂಡದು. ನೀರನ್ನು ಕುದಿಸುವ ಬೆಳಕೇ ಕಣ್ಣನ್ನೂ ಕೆಡಿಸಬಲ್ಲದು, ಒಣಬಟ್ಟೆಯನ್ನೂ ಹೊತ್ತಿಸಬಲ್ಲದು. ಒಲೆಯ ಉರಿ ಕಾಣುವಂತೆ ಇದು ಕಾಣುವುದಿಲ್ಲ. ಕಟ್ಟುವಾಗಲೂ ಪಾತ್ರೆಯನ್ನು ಇಳಿಸುವಾಗಲೂ ಬೋಗುಣಿಯನ್ನು ಸೂರ್ಯನಿಂದ ತಿರುಗಿಸಿ ದಪ್ಪ ಕಂಬಳಿಯನ್ನು ಹೊದಿಸಬೇಕು. ಬಳಿಯಲ್ಲಿರುವವರು ಕಪ್ಪು ಕನ್ನಡಕವನ್ನು ಧರಿಸಬೇಕು. ಕೆಲಸ ಮುಗಿದೊಡನೆ ಕಳಚಿ ಮುಖ ಕೆಳಗಾಗಿ ಇಡಬೇಕು. ಮಕ್ಕಳಿರುವ ಮನೆಯಲ್ಲಿ ಇಷ್ಟನ್ನು ಮಾಡಲಾರದವರು ಇದನ್ನು ಕಟ್ಟದಿರುವುದೇ ಲೇಸು. ಮಾಡಬಲ್ಲವರಿಗೆ ಹಗಲಿನ ಒಲೆಯೊಂದು ಅಂಗಳದಲ್ಲಿ ಸಿದ್ಧವಾದಂತೆಯೇ.